ತೆರೆದ ಪೋರ್ಟಿಗೂ ಯಾರೂ ಬಾರದಿದ್ದರೆ

ಟೊರೆಂಟ್ (ಒಂದೇ ಕಡತವನ್ನು ಹಲವರು ತಮ್ಮ ಕಂಪ್ಯೂಟರುಗಳಿಂದ ನೇರವಾಗಿ ಹಂಚಿಕೊಳ್ಳುವ ವಿಧಾನ) ನಿಧಾನವೆಂದು ನನ್ನನ್ನು ಕರೆಸುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಎಲ್ಲೋ ಓದಿದಂತೆ ರೌಟರಿನಲ್ಲಿ 6881ರಿಂದ 6889ರವರೆಗಿನ ಪೋರ್ಟ್‌ಗಳನ್ನು ಫಾರ್ವರ್ಡ್ ಮಾಡಿ, ಅಂದರೆ ಅಲ್ಲಿಗೆ ಹೊರಗಿನಿಂದ ಬಂದದ್ದು ತಮ್ಮ ಕಂಪ್ಯೂಟರಿಗೆ ಸೇರುವಂತೆ ತೆರೆದಿಟ್ಟು, ವೇಗ ಹೆಚ್ಚಲಿಲ್ಲವೆಂದು ಬೇಸರದಿಂದ ಕುಳಿತಿರುತ್ತಾರೆ. ತಿರುಗಿಸಿದಷ್ಟೂ ನೀರು ಬರಲು ಪೋರ್ಟ್ ನಲ್ಲಿಯಲ್ಲ. ಬಂದ ಪ್ಯಾಕೆಟ್ (ದತ್ತಾಂಶದ ತುಣುಕು) ಯಾವ ಪ್ರೋಗ್ರಾಮಿಗೆ ಸೇರಬೇಕೆಂದು ತಿಳಿಸುವ ಸಂಖ್ಯೆ ಅದು.

ನೀವಾಗಿ ಇತರ ಪೀರ್‌ಗಳನ್ನು (ಅದೇ ಕಡತವನ್ನು ಹಂಚಿಕೊಳ್ಳುತ್ತಿರುವ ಕಂಪ್ಯೂಟರುಗಳನ್ನು) ಸಂಪರ್ಕಿಸಿದಾಗ ರೌಟರು ಅದನ್ನು ನೆನಪಿಟ್ಟುಕೊಂಡು ಉತ್ತರವನ್ನು ಒಳಗೆ ಬಿಡುತ್ತದೆ. ಅದಕ್ಕೆ ಯಾವ ಪೋರ್ಟನ್ನೂ ತೆರೆಯಬೇಕಿಲ್ಲ. ಹೊರಗಿನವರು ತಾವಾಗಿ ನಿಮ್ಮಲ್ಲಿಗೆ ಬರಬೇಕಾದಾಗ ಮಾತ್ರ ತೆರೆದ ಪೋರ್ಟ್ ಬೇಕು. ನೂರಾರು ಜನ ಹಂಚುತ್ತಿರುವ ಉಬುಂಟು ಐಎಸ್‌ಓ (ಆ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸುವ ಕಡತ) ಇಳಿಸುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಆದರೆ ಕಡತಕ್ಕೆ ಒಬ್ಬನೇ ಸೀಡರ್ (ಪೂರ್ತಿ ಕಡತ ಇಟ್ಟುಕೊಂಡು ಹಂಚುವವನು) ಇದ್ದು, ಅವನ ಪೋರ್ಟೂ ನಿಮ್ಮದೂ ಮುಚ್ಚಿದ್ದರೆ ಸಾಮಾನ್ಯವಾಗಿ ಇಬ್ಬರೂ ಕಾಯುತ್ತಲೇ ಇರುತ್ತೀರಿ. ಮೂರನೆಯ ಪೀರ್‌ನ ನೆರವಿನಿಂದ ಯುಡಿಪಿಯಲ್ಲಿ (ದತ್ತಾಂಶ ಕಳಿಸುವ ಒಂದು ವಿಧಾನ) ದಾರಿ ಮಾಡಿಕೊಳ್ಳುವ ಕ್ಲೈಂಟ್‌ಗಳೂ (ಟೊರೆಂಟ್ ಪ್ರೋಗ್ರಾಮುಗಳೂ) ಉಂಟು, ಅದನ್ನೇ ನೆಚ್ಚಿಕೊಳ್ಳಬೇಡಿ.

ತಾವೇ ಧ್ವನಿಮುದ್ರಿಸಿದ ತಾಳಮದ್ದಳೆಗಳನ್ನು ಶಿಷ್ಯರಿಗೆ ಹಂಚಹೊರಟ ನಿವೃತ್ತ ಮೇಷ್ಟ್ರೊಬ್ಬರು ಮೂರು ದಿನ ಹೆಣಗಿ, ಕೊನೆಗೆ ಕಂಪ್ಯೂಟರನ್ನೇ ಡಿಎಂಝಡ್‌ಗೆ (ಹೊರಗಿನಿಂದ ಬಂದದ್ದನ್ನೆಲ್ಲ ಒಂದೇ ಯಂತ್ರಕ್ಕೆ ಬಿಡುವ ರೌಟರಿನ ವ್ಯವಸ್ಥೆಗೆ) ಹಾಕಿದ್ದರು. ನಾನು ಹೋಗಿ ನೋಡಿದರೆ ರೌಟರಿನ ವ್ಯಾನ್ (ಇಂಟರ್ನೆಟ್ ಬದಿಯ) ವಿಳಾಸ 100.72ರಿಂದ ಆರಂಭವಾಗಿತ್ತು. 100.64.0.0ಯಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಸೇವಾದಾರರ ಒಳಬಳಕೆಗೆಂದೇ ಮೀಸಲಿಡಲಾಗಿದೆ. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವು ಗ್ರಾಹಕರಿರುವಾಗ ಹೀಗಾಗುತ್ತದೆ. ಮನೆಯ ಬಾಗಿಲು ತೆರೆದಿಟ್ಟರೇನು, ಬೀದಿ ಗೇಟಿನ ಬೀಗದ ಕೈ ಸೇವಾದಾರರ ಬಳಿಯೇ ಇದೆ. ಆದ್ದರಿಂದ ರೌಟರನ್ನು ತಿದ್ದುವ ಮೊದಲು ಅದು ತೋರಿಸುವ ವ್ಯಾನ್ ವಿಳಾಸವೂ, ‘ನನ್ನ ಐಪಿ’ ತೋರಿಸುವ ತಾಣಗಳಲ್ಲಿ ಕಾಣುವ ಐಪಿವಿ4 (ಹಳೆಯ ಪದ್ಧತಿಯ) ವಿಳಾಸವೂ ಒಂದೇ ಎಂದು ಖಚಿತಪಡಿಸಿಕೊಳ್ಳಿ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ವಿಳಾಸಗಳು ಬೇರೆಯಾಗಿದ್ದರೆ ಸೇವಾದಾರರಿಂದ ಸಾರ್ವಜನಿಕ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಎರಡೂ ಕಡೆ ಐಪಿವಿ6 (ಹೊಸ ಪದ್ಧತಿಯ ವಿಳಾಸ) ಇದ್ದರೆ ಅದನ್ನು ಬಳಸಬೇಕು. ಅಲ್ಲಿಯೂ ಹೊರಗಿನವರನ್ನು ತಡೆಯುವ ಫೈರ್‌ವಾಲಿನ ಅನುಮತಿ ಬೇಕಾದೀತು.

ಮೇಷ್ಟ್ರು ಸ್ಥಿರವಾದ ಸಾರ್ವಜನಿಕ ಐಪಿ ಪಡೆದ ಮೇಲೆ ನಾನು ಮೊದಲು ಡಿಎಂಝಡ್ ತೆಗೆದೆ; ಇಡೀ ಕಂಪ್ಯೂಟರನ್ನು ಹೊರಜಗತ್ತಿಗೆ ಒಡ್ಡುವ ಅಗತ್ಯ ಈ ಕೆಲಸಕ್ಕೆ ಖಂಡಿತ ಇಲ್ಲ. ಬಳಿಕ ಕ್ಲೈಂಟಿನಲ್ಲಿ ಪ್ರತಿಸಲ ಪೋರ್ಟ್ ಬದಲಾಗುವ ಆಯ್ಕೆಯನ್ನು ನಿಲ್ಲಿಸಿ, ಒಂದೇ ಪೋರ್ಟನ್ನು ಟಿಸಿಪಿ, ಯುಡಿಪಿ ಎರಡೂ ವಿಧಾನಗಳಿಗೆ ಫಾರ್ವರ್ಡ್ ಮಾಡಿದೆ. “ಒಂಬತ್ತು ತೆರೆದಿಟ್ಟಿದ್ದೆನಲ್ಲ ಮಾರಾಯ್ರೆ, ಒಂದೇ ಸಾಕಾ?” ಎಂದರು. ಆರಂಭದ ಬಿಟ್‌ಟೊರೆಂಟ್ ಒಂದೊಂದು ಟೊರೆಂಟಿಗೂ ಒಂದೊಂದು ಪೋರ್ಟ್ ಹಿಡಿಯುತ್ತಿತ್ತು, ಈಗಿನ ಕ್ಲೈಂಟ್‌ಗಳಿಗೆ ಎಲ್ಲದಕ್ಕೂ ಒಂದೇ ಸಾಕು ಎಂದು ವಿವರಿಸುವಷ್ಟರಲ್ಲಿ ಅವರ ಶಿಷ್ಯನೊಬ್ಬನ ಕಂಪ್ಯೂಟರಿಗೆ ಮೊದಲ ಕಡತ ಹೋಗತೊಡಗಿತ್ತು.