ಜಿಯೋಟಿಫ್: ತನ್ನ ಜಾಗ ತನಗೇ ತಿಳಿದಿರುವ ಚಿತ್ರ

ಉಪಗ್ರಹ ತೆಗೆದ ಚಿತ್ರವೊಂದರಲ್ಲಿ ಬೆಳ್ಳಂದೂರು ಕೆರೆ ಚೆನ್ನಾಗಿ ಕಾಣುತ್ತದೆ ಎನ್ನೋಣ. ನೋಡಿ ಸಂತೋಷಪಡುವವರಿಗೆ ಅಷ್ಟು ಸಾಕು. ಕೆರೆಯ ಅಂಗಳ ಎಷ್ಟು ಒತ್ತುವರಿಯಾಗಿದೆ ಎಂದು ಅಳೆಯಬೇಕಾದವರಿಗೆ ಮಾತ್ರ ಸಾಲದು. ಚಿತ್ರದ ಪ್ರತಿಯೊಂದು ಪಿಕ್ಸೆಲ್ ನೆಲದ ಯಾವ ತುಂಡಿಗೆ ಸೇರಿದ್ದು ಎಂಬುದು ಅವರಿಗೆ ಬೇಕು. ಆ ಮಾಹಿತಿಯನ್ನು ಚಿತ್ರದ ಕಡತದೊಳಗೇ ಹುದುಗಿಸಿಡುವ ವಿಧಾನವೇ ಜಿಯೋಟಿಫ್.

ಟಿಫ್ ಎಂಬ ಚಿತ್ರ ಮಾದರಿಯನ್ನು 1986ರಲ್ಲಿ ರೂಪಿಸಿದ್ದು ಆಲ್ಡಸ್ ಕಂಪನಿ. ಅದರಲ್ಲಿ ಚಿತ್ರದ ಅಗಲ, ಎತ್ತರ, ಬಣ್ಣ ಮುಂತಾದ ವಿವರಗಳೆಲ್ಲ ಸಂಖ್ಯೆ ಹೊತ್ತ ಟ್ಯಾಗ್‌ಗಳಲ್ಲಿ ಕುಳಿತಿರುತ್ತವೆ. ಹೊಸ ಟ್ಯಾಗ್ ಸೇರಿಸಿದರೂ ಅದನ್ನರಿಯದ ತಂತ್ರಾಂಶ ಅದನ್ನು ಬಿಟ್ಟು ಉಳಿದದ್ದನ್ನು ಓದಿಕೊಳ್ಳುತ್ತದೆ. ಈ ಸೌಲಭ್ಯವನ್ನೇ 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನೈಲ್ಸ್ ರಿಟ್ಟರ್ ಮತ್ತು ಜೊತೆಗಾರರು ಬಳಸಿಕೊಂಡರು. 33550ನೆಯ ಟ್ಯಾಗ್ ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಅಗಲ ಎಂದು ಹೇಳುತ್ತದೆ. 33922ನೆಯದು ಚಿತ್ರದ ಒಂದು ಬಿಂದುವನ್ನು, ಸಾಮಾನ್ಯವಾಗಿ ಮೇಲಿನ ಎಡ ಮೂಲೆಯನ್ನು, ಭೂಮಿಯ ಒಂದು ಬಿಂದುವಿಗೆ ಕಟ್ಟುತ್ತದೆ. ಆ ಅಂಕಿಗಳು ಯಾವ ನಿರ್ದೇಶಾಂಕ ಪದ್ಧತಿಯವು (ಅಂದರೆ ನೆಲದ ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಯಾವ ಕ್ರಮದವು) ಎಂಬುದು 34735ನೆಯದರಲ್ಲಿದೆ.

ಈ ಮೂರನೆಯದೇ ಜಿಯೋಟಿಫ್‌ನ ಜೀವಾಳ. ಚಿತ್ರದ ಪಕ್ಕದಲ್ಲಿ ಇಡುತ್ತಿದ್ದ, ಇಂದಿಗೂ ಬಳಕೆಯಲ್ಲಿರುವ ಆರು ಸಾಲಿನ ವರ್ಲ್ಡ್ ಫೈಲ್‌ನಲ್ಲಿ ಅಳತೆಯೂ ಮೂಲೆಯೂ ಇರುತ್ತವೆ, ಪದ್ಧತಿಯ ಹೆಸರು ಇರುವುದಿಲ್ಲ. ಮೇಲಾಗಿ ಅದು ಪ್ರತ್ಯೇಕ ಕಡತ. ಚಿತ್ರ ಕೈಯಿಂದ ಕೈಗೆ ಹೋಗುವಾಗ ಹಿಂದೆಯೇ ಉಳಿದುಬಿಡುತ್ತದೆ.

ಚಿತ್ರಕ್ಕೆ ಈ ವಿವರ ಸೇರಿಸಲು ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಹೆಚ್ಚಾಗಿ ಬಳಸುವುದು ಜಿಡಾಲ್ ಎಂಬ ಮುಕ್ತ ತಂತ್ರಾಂಶದ ಆದೇಶಗಳನ್ನು. ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಇದರ ಕೆಲಸ ಆರಂಭಿಸಿದರು. ಅದರ ‘ಟ್ರಾನ್ಸ್‌ಲೇಟ್’ ಆದೇಶಕ್ಕೆ ಎರಡು ಸಂಗತಿ ಕೊಡಬೇಕು: ನಿರ್ದೇಶಾಂಕ ಪದ್ಧತಿಯ ಇಪಿಎಸ್‌ಜಿ ಸಂಖ್ಯೆ (ಪ್ರತಿ ಪದ್ಧತಿಗೂ ಕೊಟ್ಟಿರುವ ಗುರುತಿನ ಸಂಖ್ಯೆ) ಮತ್ತು ಚಿತ್ರದ ಎರಡು ಮೂಲೆಗಳು. ಬೆಳ್ಳಂದೂರಿನ ಸುತ್ತಲಿನ ಚಿತ್ರಕ್ಕೆ ಇಪಿಎಸ್‌ಜಿ 4326 (ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84ರ ಅಕ್ಷಾಂಶ-ರೇಖಾಂಶ ಪದ್ಧತಿ) ಎಂದು ಹೇಳಿ, 77.63, 12.95, 77.70, 12.92 ಎಂದು ಬರೆದರೆ ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣದ ಅಂಚುಗಳು ಕ್ರಮವಾಗಿ ಸಿಕ್ಕವು. ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಮಾತಿನಲ್ಲಿ ಅಕ್ಷಾಂಶವನ್ನೇ ಮೊದಲು ಹೇಳುವ ನಮ್ಮ ರೂಢಿ ಇಲ್ಲಿ ಕೈಕೊಡುತ್ತದೆ: ಅದಲುಬದಲಾದರೆ ಬೆಳ್ಳಂದೂರು ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಕೂರುತ್ತದೆ.

ಇದಕ್ಕಿಂತ ಅಪಾಯದ ಗೊಂದಲ ಇನ್ನೊಂದಿದೆ. ಟ್ರಾನ್ಸ್‌ಲೇಟ್ ಆದೇಶಕ್ಕೆ ಪದ್ಧತಿಯನ್ನು ಹೇಳಿದಾಗ ಅದು ಹೆಸರನ್ನಷ್ಟೇ ಬರೆಯುತ್ತದೆ, ಪಿಕ್ಸೆಲ್‌ಗಳನ್ನು ಮುಟ್ಟುವುದಿಲ್ಲ. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಚಿತ್ರವನ್ನು ನಿಜವಾಗಿ ಬದಲಿಸುವುದು ‘ವಾರ್ಪ್’ ಎಂಬ ಬೇರೆಯದೇ ಆದೇಶ. ಯುಟಿಎಂ ಎಂಬ ಪದ್ಧತಿ ಭೂಮಿಯನ್ನು ಆರು ಡಿಗ್ರಿ ಅಗಲದ ವಲಯಗಳಾಗಿ ಹಂಚಿ ಪ್ರತಿ ವಲಯದೊಳಗೂ ಬೇರೆಯಾಗಿ ಮೀಟರ್‌ಗಳಲ್ಲಿ ಅಳೆಯುತ್ತದೆ. ಕರ್ನಾಟಕದ ಬಹುಭಾಗ ಅದರ 43ನೆಯ ವಲಯದಲ್ಲಿದೆ, ಆದರೆ ವಲಯದ ಗಡಿ 78 ಡಿಗ್ರಿ ಪೂರ್ವ ರೇಖಾಂಶವಾದ್ದರಿಂದ ಕೋಲಾರ 44ಕ್ಕೆ ಸೇರುತ್ತದೆ. ಕೋಲಾರದ ಚಿತ್ರವನ್ನು ಬೆಂಗಳೂರಿನದರ ಜೊತೆ ಹೊಂದಿಸಲು ಪದ್ಧತಿಯ ಹೆಸರನ್ನು ಮಾತ್ರ 32644ರಿಂದ (44ನೆಯ ವಲಯದ ಇಪಿಎಸ್‌ಜಿ ಸಂಖ್ಯೆ) 43ನೆಯದರ 32643ಕ್ಕೆ ತಿದ್ದಿದರೆ ಕೋಲಾರ ಸುಮಾರು ಆರು ಡಿಗ್ರಿ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದೊಳಕ್ಕೆ ಸರಿಯುತ್ತದೆ. ಅಷ್ಟು ದೂರ ಸರಿದರೆ ಕಣ್ಣಿಗೆ ಬೀಳುತ್ತದೆ. ಭೂಮಿಯ ಆಕಾರದ ಹಳೆಯ ಮಾದರಿಯಾದ ಎವರೆಸ್ಟ್ ಗೋಳಾಭವನ್ನು ಆಧರಿಸಿದ ಹಳೆಯ ಸರ್ವೇಕ್ಷಣಾ ನಕ್ಷೆಗಳಿಗೆ ಡಬ್ಲ್ಯೂಜಿಎಸ್ 84ರ ಹೆಸರು ಹಚ್ಚಿದಾಗ ಆಗುವ ತಪ್ಪು ಚಿಕ್ಕದು, ಆದ್ದರಿಂದಲೇ ಯಾರ ಗಮನಕ್ಕೂ ಬಾರದೆ ಅಳತೆಯೊಳಗೆ ಸೇರಿಬಿಡುತ್ತದೆ.

ಚಿತ್ರ ತೆಗೆದ ದಿನಾಂಕ, ಸಂವೇದಕದ ಹೆಸರು ಮುಂತಾದವನ್ನೂ ಟ್ರಾನ್ಸ್‌ಲೇಟ್ ಆದೇಶದಲ್ಲೇ ಸೇರಿಸಬಹುದು. ಕಡತದ ಗಾತ್ರ ಕುಗ್ಗಿಸುವ ಸಂಕುಚನಕ್ಕೆ ಡಿಫ್ಲೇಟ್ ಅಥವಾ ಎಲ್‌ಝಡ್‌ಡಬ್ಲ್ಯೂ ಆರಿಸುವುದು ಕ್ಷೇಮ. ಜೆಪೆಗ್ ಆರಿಸಿದರೆ ಪಿಕ್ಸೆಲ್‌ನ ಮೌಲ್ಯಗಳೇ ಬದಲಾಗುತ್ತವೆ. ಕೆಲಸ ಮುಗಿದ ಮೇಲೆ ‘ಇನ್ಫೋ’ ಆದೇಶ ಕೊಟ್ಟು ಪದ್ಧತಿಯನ್ನೂ ನಾಲ್ಕು ಮೂಲೆಗಳನ್ನೂ ಓದಿ ನೋಡಬೇಕು. ಫೋಟೋ ತಿದ್ದುವ ಸಾಮಾನ್ಯ ತಂತ್ರಾಂಶದಲ್ಲಿ ತೆರೆದು ಮತ್ತೆ ಉಳಿಸಿದ ಚಿತ್ರಕ್ಕಂತೂ ಇದು ಕಡ್ಡಾಯ, ಏಕೆಂದರೆ ಅಂಥ ಎಷ್ಟೋ ತಂತ್ರಾಂಶಗಳು ಉಳಿಸುವಾಗ ಈ ಟ್ಯಾಗ್‌ಗಳನ್ನು ಕೈಬಿಡುತ್ತವೆ.