ಲಕೋಟೆ ಒಡೆಯಲು ಹೆದರುವ ಮಿದುಳು

ಅಡಿಕೆ ಧಾರಣೆ ಏರಿದ ವಾರ ತೀರ್ಥಹಳ್ಳಿಯ ಹೋಟೆಲಿನಲ್ಲಿ ಕೂತವರಿಗೆಲ್ಲ ಶಿವಮೊಗ್ಗ ಮಂಡಿಯ ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆ ಬಗೆಗಳ ದರ ಬಾಯಿಪಾಠ. ಇಳಿದ ವಾರ ಮಾತು ಮಳೆಯ ಕಡೆಗೋ ರಾಜಕೀಯದ ಕಡೆಗೋ ಹೊರಳುತ್ತದೆ. ಇದು ನಮ್ಮೂರಿನವರ ಚಾಳಿ ಮಾತ್ರ ಅಲ್ಲ. ಕಾರ್ಲ್ಸನ್, ಲೊವೆನ್‌ಸ್ಟೈನ್, ಸೆಪ್ಪಿ ಎಂಬ ಮೂವರು ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಕ್ಯಾಂಡಿನೇವಿಯ ಮತ್ತು ಅಮೆರಿಕದ ಹೂಡಿಕೆದಾರರೂ ಹೀಗೇ ಕಂಡರು. ಷೇರುಪೇಟೆ ಏರಿದಾಗ ಖಾತೆಯನ್ನು ಪದೇ ಪದೇ ತೆರೆದು ನೋಡುವವರು, ಇಳಿದಾಗ ಅತ್ತ ಸುಳಿಯುವುದು ಕಡಿಮೆ. ಅಪಾಯ ಕಂಡರೆ ಉಷ್ಟ್ರಪಕ್ಷಿ ಮರಳಲ್ಲಿ ತಲೆ ಹೂಳುತ್ತದೆ ಎಂಬ ನಂಬಿಕೆಯಿಂದ ಇದಕ್ಕೆ ಉಷ್ಟ್ರಪಕ್ಷಿ ಪರಿಣಾಮ ಎಂದು ಹೆಸರು. (ಆ ಪಕ್ಷಿ ನಿಜಕ್ಕೂ ಹಾಗೆ ಮಾಡುವುದಿಲ್ಲ, ಪಾಪ.)

ನೋಡದಿದ್ದ ಮಾತ್ರಕ್ಕೆ ಸಾಲ ಕರಗದು ಎಂದು ಯಾರಿಗೆ ಗೊತ್ತಿಲ್ಲ? ಆದರೂ ಸಾಲ ಕೊಟ್ಟ ಸಹಕಾರ ಸೊಸೈಟಿಯ ಲಕೋಟೆ ಕಂಡ ಕೂಡಲೇ ಎದೆ ಡವಗುಟ್ಟುತ್ತದೆ. ಒಡೆಯದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರೆ ಆ ಹೊತ್ತಿಗೆ ಮನಸ್ಸು ಹಗುರ. ಈ ಹಗುರವೇ ಮಿದುಳಿಗೆ ಸಿಗುವ ಬಹುಮಾನ. ಯಾವ ಕೆಲಸದಿಂದ ಸಂಕಟ ತಪ್ಪಿತೋ ಅದನ್ನೇ ಮತ್ತೆ ಮಾಡಿಸುತ್ತದೆ. ಮನೋವಿಜ್ಞಾನ ಇದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತದೆ. ಸೋಮಾರಿ, ಬೇಜವಾಬ್ದಾರಿ ಎಂದು ಬೈಯುವ ಹಿರಿಯರು ಎಡವುವುದು ಇಲ್ಲೇ. ಬೈದಷ್ಟೂ ನಾಚಿಕೆ, ನಾಚಿಕೆ ಹೆಚ್ಚಿದಷ್ಟೂ ಲಕೋಟೆ ಇನ್ನೂ ಮರೆಗೆ.

ನಷ್ಟವೋ ರೂಪಾಯಿ ಲೆಕ್ಕದ್ದೇ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಬೆಳೆ ಸಾಲಕ್ಕೆ ಶೂನ್ಯ ಬಡ್ಡಿ. 3 ಲಕ್ಷ ಇದ್ದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಆ ಶೂನ್ಯ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ತಪ್ಪಿದರೆ ಬಡ್ಡಿ ಬೀಳುತ್ತದೆ.

ಹಾಗಾದರೆ ಭಯವನ್ನು ಏನು ಮಾಡುವುದು? ಲಾಸ್ ಏಂಜಲೀಸಿನ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಜನರಿಗೆ ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿತು. ಆ ಭಾವಕ್ಕೆ ತಕ್ಕ ಹೆಸರು ಆರಿಸಿದಾಗ, ಅಪಾಯದ ಸುಳಿವಿಗೆ ಚುರುಕಾಗುವ ಅಮಿಗ್ಡಲ ಎಂಬ ಮಿದುಳಿನ ಭಾಗದ ಸದ್ದು ತಗ್ಗಿತು. ಅದು ಚಿತ್ರಗಳ ಪ್ರಯೋಗ, ಸಾಲದ್ದಲ್ಲ. ಆದರೂ ಲಕೋಟೆ ಒಡೆಯುವ ಮುಂಚೆ ಒಂದು ಚೀಟಿಯಲ್ಲಿ "ಭಯ", "ಅಣ್ಣನೆದುರು ಅವಮಾನ" ಎಂದು ಬರೆದು ನೋಡುವುದಕ್ಕೆ ಖರ್ಚೇನಿಲ್ಲ. ಬಳಿಕ ಎರಡೇ ಸಂಗತಿ ಹುಡುಕಿ: ಬಾಕಿ ಎಷ್ಟು, ಗಡುವು ಯಾವತ್ತು. ಉಳಿದದ್ದು ಇನ್ನೊಂದು ದಿನಕ್ಕೆ.

ಯಾವ ಹೊತ್ತಿನಲ್ಲಿ ನೋಡುತ್ತೇವೆ ಎಂಬುದೂ ಮುಖ್ಯ. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕೊಯ್ಲಿನ ಮುಂಚೆ, ಕೊಯ್ಲಿನ ನಂತರ ಒಂದೇ ಬಗೆಯ ಬುದ್ಧಿ ಪರೀಕ್ಷೆ ಕೊಟ್ಟ ಅಧ್ಯಯನ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೈ ಬರಿದಾಗಿದ್ದಾಗ ಅದೇ ಮನುಷ್ಯರ ಅಂಕ ಕಡಿಮೆ. ಕೊರತೆಯ ಚಿಂತೆಯೇ ತಲೆಯ ಜಾಗವನ್ನು ತಿನ್ನುತ್ತಿತ್ತು. ಅಡಿಕೆಯವರಿಗೆ ಆಷಾಢ ಅಂಥ ಕಾಲ: ಮಕ್ಕಳ ಫೀಸು, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೂಲಿ, ಕೊಳೆರೋಗದ ದಿಗಿಲು ಎಲ್ಲ ಒಟ್ಟಿಗೆ. ಆಗ ಕೈಗಡಕ್ಕೆ ಓಡುವ ಬದಲು, ಮಂಡಿಯಿಂದ ಮಾರಾಟದ ಪಟ್ಟಿ ಕೈಗೆ ಬಂದ ವಾರವೇ ಮುಂದಿನ ಮಳೆಗಾಲದ ಖರ್ಚನ್ನು ಬೇರೆ ಖಾತೆಯಲ್ಲಿ ಇಡುವುದು ಲೇಸು.

ಆದಾಯಕ್ಕಿಂತ ಸಾಲವೇ ದೊಡ್ಡದಾಗಿದ್ದರೆ ಚೀಟಿ ಬರೆದು ಪ್ರಯೋಜನವಿಲ್ಲ. ಸಂಘದ ಕಾರ್ಯದರ್ಶಿಯನ್ನು ಗಡುವಿಗೆ ಮುಂಚೆಯೇ ಕಾಣಬೇಕು. ಸರ್ಕಾರ ಬರ, ಅತಿವೃಷ್ಟಿ ಘೋಷಿಸಿದ ಕಡೆ ಬೆಳೆ ಸಾಲವನ್ನು ಮಧ್ಯಮಾವಧಿಗೆ ಪರಿವರ್ತಿಸಲು ಅವಕಾಶವಿದೆ, ಕೇಳಬೇಕಷ್ಟೆ.