ಮೇಲ್ರಸ್ತೆಗೆ ಮುಪ್ಪು ಬರುವುದು ಸಂದಿಯಿಂದ

ನಗರದ ನಡುವೆ ಕಂಬಗಳ ಮೇಲೆ ಸಾಗುವ ಹೆದ್ದಾರಿಯನ್ನು ಕೆಳಗೆ ನಿಂತು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಗಾತ್ರ. ದುರಸ್ತಿಯವರ ಕಣ್ಣು ಹೋಗುವುದು ಕಂಬದ ನೆತ್ತಿಗೆ, ಅಲ್ಲಿ ತುಕ್ಕುಬಣ್ಣದ ನೀರು ಇಳಿದ ಕಲೆ ಇದೆಯೇ ಎಂದು. ಇದ್ದರೆ ಮೇಲಿನ ಸಂದಿ ಸೋರುತ್ತಿರಬೇಕು.

ಕಟ್ಟುವಾಗಿನ ಮೊದಲ ತಲೆನೋವು ಮಾತ್ರ ನೆಲದಡಿಯದು. ನಕ್ಷೆಯಲ್ಲಿ ಎರಡು ಮೀಟರ್ ಆಚೆ ತೋರಿಸಿದ ನೀರಿನ ಕೊಳವೆ, ಪೈಲ್ ಅಂದರೆ ನೆಲದಾಳದ ಅಡಿಪಾಯದ ಕಂಬ ಇಳಿಯಬೇಕಾದ ಜಾಗದಲ್ಲೇ ಸಿಗಬಹುದು. ಅದಕ್ಕೇ ಯಂತ್ರ ತರುವ ಮೊದಲು ಕೈಯಲ್ಲೇ ಗುಂಡಿ ತೋಡಿ ನೋಡುತ್ತಾರೆ. ಪೈಲ್‌ಗೆ ಕೊರೆದ ಆಳದ ಗುಂಡಿ ಕುಸಿಯದಂತೆ ಬೆಂಟೊನೈಟ್ ಜೇಡಿಯ ದ್ರಾವಣ ತುಂಬಿ, ಉದ್ದನೆಯ ಟ್ರೆಮಿ ಪೈಪಿನಿಂದ ತಳದಿಂದ ಮೇಲಕ್ಕೆ ಕಾಂಕ್ರೀಟ್ ಸುರಿಯುತ್ತಾರೆ. ಪೈಪಿನ ತುದಿ ಕಾಂಕ್ರೀಟಿನೊಳಗೆ ಒಂದೂವರೆ, ಎರಡು ಮೀಟರ್ ಹುದುಗಿಯೇ ಇರಬೇಕು. ಅವಸರಕ್ಕೆ ಎತ್ತಿಬಿಟ್ಟರೆ ಜೇಡಿ ಒಳನುಗ್ಗಿ ಪೈಲ್‌ನ ನಡುವೆಯೇ ಟೊಳ್ಳು ಉಳಿಯುತ್ತದೆ.

ಕೆಳಗೆ ವಾಹನಗಳು ಓಡಾಡುತ್ತಲೇ ಇರುವುದರಿಂದ ಮೇಲ್ಮೈಯನ್ನು ಅಲ್ಲೇ ಎರಕ ಹೊಯ್ಯುವುದು ಕಷ್ಟ. ಬೇರೆಡೆ ಎರಕ ಹೊಯ್ದ, ಸುಮಾರು ಮೂರು ಮೀಟರ್ ಉದ್ದದ ಟೊಳ್ಳು ಪೆಟ್ಟಿಗೆಯಂಥ ತುಂಡುಗಳನ್ನು ರಾತ್ರಿ ತಂದು, ಕಂಬದಿಂದ ಕಂಬಕ್ಕೆ ಚಾಚಿದ ಲಾಂಚಿಂಗ್ ಗರ್ಡರ್ ಎಂಬ ಉಕ್ಕಿನ ತೊಲೆಯಿಂದ ತೂಗುಹಾಕುತ್ತಾರೆ. ಪ್ರತಿ ತುಂಡನ್ನೂ ಅದರ ಪಕ್ಕದ ತುಂಡಿಗೆ ಒತ್ತಿಯೇ ಎರಕ ಹೊಯ್ದಿರುತ್ತಾರೆ. ಹಾಗಾಗಿ ಏಳನೆಯದರ ಜಾಗಕ್ಕೆ ಎಂಟನೆಯದು ಕೂರುವುದಿಲ್ಲ. ಮುಖಕ್ಕೆ ಎಪಾಕ್ಸಿ ಅಂಟು ಬಳಿದ ಮೇಲೆ ಅದು ಬಿಗಿಯುವುದರೊಳಗೆ ತಾತ್ಕಾಲಿಕ ಸರಳುಗಳಿಂದ ಒತ್ತಿಹಿಡಿಯಬೇಕು.

ಆಮೇಲೆ ಕೇಬಲ್. ತುಂಡುಗಳ ಉದ್ದಕ್ಕೂ ಕೊಳವೆಯೊಳಗೆ ಪೋಣಿಸಿದ ಈ ಉಕ್ಕಿನ ಕೇಬಲ್ಲನ್ನು ಬಿಗಿಯಾಗಿ ಎಳೆದು, ತುಂಡುಗಳೆಲ್ಲ ಒಂದಕ್ಕೊಂದು ಒತ್ತಿಕೊಳ್ಳುವಂತೆ ಮಾಡುತ್ತಾರೆ. 15.2 ಮಿ.ಮೀ. ವ್ಯಾಸದ, ಏಳು ತಂತಿ ಹೊಸೆದ ಒಂದು ಎಳೆಯನ್ನು ಜ್ಯಾಕ್ ಸುಮಾರು 20 ಟನ್ ಬಲದಿಂದ ಎಳೆಯುತ್ತದೆ. 19 ಎಳೆಗಳ ಒಂದು ಕೇಬಲ್ ಎಂದರೆ 380 ಟನ್! 40 ಮೀಟರ್ ಉದ್ದದ ಕೇಬಲ್ ಆಗ ಕಾಲು ಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಒತ್ತಡಮಾಪಕದ ಅಂಕಿಯೊಂದನ್ನೇ ನಂಬದೆ ಈ ಹಿಗ್ಗನ್ನೂ ಅಳೆಯುತ್ತಾರೆ. ಲೆಕ್ಕಕ್ಕಿಂತ ಕಡಿಮೆ ಬಂದರೆ ಕೇಬಲ್ ಒಳಗೆಲ್ಲೋ ಸಿಕ್ಕಿಕೊಂಡಿರಬಹುದು.

ಕೊನೆಗೆ ಕೇಬಲ್‌ಗೆ ತುಕ್ಕು ಹಿಡಿಯದಂತೆ ಅದರ ಕೊಳವೆಗೆ ಸಿಮೆಂಟ್ ಗ್ರೌಟ್, ಅಂದರೆ ನೀರು ಬೆರೆಸಿದ ಸಿಮೆಂಟಿನ ತೆಳು ಪಾಕ ತುಂಬುತ್ತಾರೆ. ಬೇಸರದ ಕೆಲಸ, ಎಡವುವುದೂ ಇಲ್ಲೇ. ನೀರು ಹೆಚ್ಚಾದ ಗ್ರೌಟ್‌ನಲ್ಲಿ ಸಿಮೆಂಟ್ ಕೆಳಗಿಳಿದು, ಕೊಳವೆಯ ಎತ್ತರದ ಬಾಗುಗಳಲ್ಲಿ ನೀರು ನಿಂತು, ಆಮೇಲೆ ಖಾಲಿ ಜಾಗ ಉಳಿಯುತ್ತದೆ. ವೇಲ್ಸ್‌ನಲ್ಲಿ 1953ರಲ್ಲಿ ಇದೇ ಬಗೆಯ ತುಂಡುಗಳಿಂದ ಕಟ್ಟಿದ್ದ ಅನಿಸ್-ಅ-ಗ್ವಾಸ್ ಎಂಬ ಪುಟ್ಟ ಸೇತುವೆ 1985ರಲ್ಲಿ ಮುನ್ಸೂಚನೆಯಿಲ್ಲದೆ ಕುಸಿಯಿತು. ತುಂಡುಗಳ ನಡುವಿನ ಸಂದಿಗಳಲ್ಲಿ ಉಪ್ಪುನೀರು ಇಳಿದು ಕೇಬಲ್‌ಗಳನ್ನು ತಿಂದುಹಾಕಿತ್ತು. ಗ್ರೌಟ್ ತುಂಬುವ ಬಗೆಯ ಹೊಸ ಸೇತುವೆಗಳನ್ನು ಬ್ರಿಟನ್ 1992ರಲ್ಲಿ ಕೆಲಕಾಲ ತಡೆಹಿಡಿದದ್ದರ ಹಿಂದೆ ಈ ಪಾಠವೂ ಇತ್ತು.

ಇನ್ನೊಂದು ಬಗೆಯ ಸಂದಿಯನ್ನು ಬೇಕೆಂದೇ ಬಿಡುತ್ತಾರೆ. ತಾಪಮಾನ 30 ಡಿಗ್ರಿ ಏರಿದರೆ 40 ಮೀಟರ್ ಕಾಂಕ್ರೀಟ್ ಸುಮಾರು 14 ಮಿ.ಮೀ. ಹಿಗ್ಗುತ್ತದೆ. ಪ್ರತಿ ಕಂಬದ ಮೇಲೂ ಸಂದಿ ಬಿಟ್ಟರೆ ಚಕ್ರಗಳ ಧಡಧಡ ಸದ್ದು, ಸೋರಿಕೆ ಎರಡೂ ಹೆಚ್ಚು. ನಾಲ್ಕು ಅಂಕಣಗಳನ್ನು, ಅಂದರೆ ಕಂಬದಿಂದ ಕಂಬಕ್ಕಿರುವ ಭಾಗಗಳನ್ನು, ಬೆಸೆದರೆ ಸಂದಿಗಳು ಕಡಿಮೆಯಾಗುತ್ತವೆ, ಆದರೆ ಒಂದೊಂದೂ ಸುಮಾರು 58 ಮಿ.ಮೀ. ಚಲನೆ ತಾಳಬೇಕು. ಬೆಸೆಯುವುದೇ ಮೇಲು, ಅದರಲ್ಲೂ ಪಕ್ಕದಲ್ಲಿ ಮನೆಗಳಿದ್ದಾಗ. 1970ರ ಜುಲೈ 28ರಂದು ಲಂಡನ್ನಿನ ವೆಸ್ಟ್‌ವೇ ತೆರೆದಾಗ, ರಸ್ತೆಗೆ ಅಂಟಿಕೊಂಡಂತಿದ್ದ ಮನೆಗಳವರು ತಮ್ಮನ್ನು ಬೇರೆಡೆಗೆ ಸ್ಥಳಾಂತರಿಸಿ ಎಂದು ಬ್ಯಾನರ್ ಕಟ್ಟಿದ್ದರು. ಇಂಥ ರಸ್ತೆಗಳ ಸದ್ದಿನಿಂದ ಮನೆಯ ಬೆಲೆ ಇಳಿದರೆ ಪರಿಹಾರ ಕೊಡುವ ಕಾನೂನು ಅಲ್ಲಿ ಬಂದದ್ದು 1973ರಲ್ಲಿ.

ಸಂದಿಯ ರಬ್ಬರ್ ಪಟ್ಟಿ ರಸ್ತೆಗಿಂತ ಎಷ್ಟೋ ಮೊದಲೇ ಸವೆಯುತ್ತದೆ. ಅದು ಹರಿದಾಗ ನೀರು ನೇರವಾಗಿ ಕಂಬದ ನೆತ್ತಿಗೆ, ಅಂಕಣವನ್ನು ಹೊತ್ತ ಬೇರಿಂಗಿನ ಬುಡಕ್ಕೆ ಬೀಳುತ್ತದೆ. ಬೇರಿಂಗ್ ಬದಲಿಸಲು ಇಡೀ ಅಂಕಣವನ್ನು ಜ್ಯಾಕ್‌ಗಳಿಂದ ಕೆಲವು ಮಿಲಿಮೀಟರ್ ಎತ್ತಬೇಕು. ಜ್ಯಾಕ್ ಇಡಲು ಕಂಬದ ತಲೆಯ ಮೇಲೆ ಗೇಣಷ್ಟು ಜಾಗ ಬಿಡದೆ ಕಟ್ಟಿದ್ದರೆ, ಕಂಬದ ಪಕ್ಕದಲ್ಲಿ ನೆಲದಿಂದಲೇ ಉಕ್ಕಿನ ಗೋಪುರ ನಿಲ್ಲಿಸಿ ಎತ್ತಬೇಕಾಗುತ್ತದೆ, ಅಷ್ಟೂ ದಿನ ಕೆಳಗಿನ ರಸ್ತೆ ಬಂದ್.